ತೊಂಬತ್ತರ ಹತ್ರ ಇರೋರಿಗೆ ಅಯೋರ್ಟಾ ಆಪರೇಷನ್: ರಿಸ್ಕ್ ಅಂದ್ರೆ ನಿಜವಾಗ್ಲೂ ಏನು?

ಮನೇಲಿ ವಯಸ್ಸಾದೋರಿಗೆ ಪ್ರಾಸ್ಟೇಟ್ ತೊಂದ್ರೆ ಅಂತಾನೋ ಪಿತ್ತಕೋಶದಲ್ಲಿ ಕಲ್ಲು ಅಂತಾನೋ ಹೊಟ್ಟೆ ಸ್ಕ್ಯಾನ್ ಮಾಡಿಸ್ತೀರ. ಹುಡುಕ್ತಾ ಇದ್ದಿದ್ದು ಸಿಗತ್ತೋ ಇಲ್ವೋ, ರಿಪೋರ್ಟಿನ ಕೊನೇಲಿ ಯಾರೂ ಕೇಳದೇ ಇದ್ದ ಒಂದು ಸಾಲು ಇರತ್ತೆ: ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ, 5.8 ಸೆಂ.ಮೀ. ಅಂದ್ರೆ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಅಷ್ಟು ಅಗಲಕ್ಕೆ ಉಬ್ಬಿದೆ ಅಂತ. ಅಲ್ಲಿಂದ ಶುರು. ಒಬ್ಬ ಡಾಕ್ಟ್ರು "ಇದು ಯಾವಾಗ ಬೇಕಾದ್ರೂ ಒಡೀಬಹುದು" ಅಂತಾರೆ, ಇನ್ನೊಬ್ರು "ಈ ವಯಸ್ಸಲ್ಲಿ ಮುಟ್ಟೋದು ಬೇಡ" ಅಂತಾರೆ, ಮನೆಯೋರು ಎರಡರ ಮಧ್ಯೆ ಸಿಕ್ಕಾಕೊಂಡು ರಾತ್ರಿಯೆಲ್ಲಾ ಮೊಬೈಲಲ್ಲಿ ಹುಡುಕ್ತಾ ಕೂತಿರ್ತಾರೆ. ವಿಷಯ ಏನಂದ್ರೆ ಇಬ್ರು ಡಾಕ್ಟ್ರೂ ಸುಳ್ಳು ಹೇಳ್ತಿಲ್ಲ. ಅದು ಹೇಗೆ ಅಂತ ಬುಡದಿಂದ ನೋಡೋಣ.

ಅಯೋರ್ಟಾ ಅಂದ್ರೆ ಏನು, ಉಬ್ಬೋದು ಯಾಕೆ

ಹೃದಯ ಪಂಪ್ ಮಾಡಿದ ರಕ್ತ ಮೊದಲು ಹೋಗೋದೇ ಅಯೋರ್ಟಾಗೆ, ಅಂದ್ರೆ ಮಹಾಪಧಮನಿಗೆ. ದೇಹದಲ್ಲಿ ಇರೋ ಅತಿ ದೊಡ್ಡ ರಕ್ತನಾಳ ಇದು. ಹೃದಯದ ಮೇಲ್ಗಡೆಯಿಂದ ಹೊರಟು, ಎದೇಲಿ ಹಿಂದಕ್ಕೆ ಬಾಗಿ, ಬೆನ್ನುಮೂಳೆಗೆ ಒತ್ತಿಕೊಂಡು ಕೆಳಗಿಳಿದು, ಹೊಕ್ಕಳಿನ ಮಟ್ಟಕ್ಕೆ ಬಂದಾಗ ಎರಡಾಗಿ ಕವಲೊಡೆದು ಕಾಲುಗಳ ಕಡೆ ಹೋಗತ್ತೆ. ಮೆದುಳು, ಬೆನ್ನುಹುರಿ, ಕಿಡ್ನಿ, ಕರುಳು ಎಲ್ಲದಕ್ಕೂ ರಕ್ತ ಹೋಗೋದು ಇದರ ಕೊಂಬೆಗಳಿಂದಲೇ. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಆಪರೇಷನ್ ಯಾಕೆ ಅಪಾಯ ಅನ್ನೋದರ ಅರ್ಧ ಉತ್ತರ ಇಲ್ಲೇ ಇದೆ.

ಹೊಟ್ಟೆ ಭಾಗದಲ್ಲಿ ಅಯೋರ್ಟಾದ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. 3 ಸೆಂ.ಮೀ. ದಾಟಿದ್ರೆ ಅನ್ಯೂರಿಸಂ ಅಂತಾರೆ. ರಕ್ತನಾಳದ ಗೋಡೆಗೆ ಹಿಗ್ಗೋ ಗುಣ ಕೊಡೋ ನಾರು ಒಂದಿರತ್ತೆ, ವಯಸ್ಸಾದ ಹಾಗೆ ಅದು ಸವೀತಾ ಹೋಗತ್ತೆ, ದೇಹ ಅದನ್ನ ಮತ್ತೆ ಸರಿಯಾಗಿ ಕಟ್ಟಿಕೊಳ್ಳಲ್ಲ. ಬೀಡಿ ಸಿಗರೇಟು ಈ ಸವೆತಾನ ಜೋರು ಮಾಡತ್ತೆ, ಹೊಟ್ಟೆಯ ಅನ್ಯೂರಿಸಂಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಗಂಡಸರಲ್ಲಿ ಜಾಸ್ತಿ, 65 ದಾಟಿದೋರಲ್ಲಿ ಜಾಸ್ತಿ, ಬಿಪಿ ಇರೋರಲ್ಲಿ ಜಾಸ್ತಿ, ಮನೆತನದಲ್ಲಿ ಯಾರಿಗಾದ್ರೂ ಇದ್ರೆ ಇನ್ನೂ ಜಾಸ್ತಿ.

ಸೈಕಲ್ ಟೈರ್ ಒಂದು ಕಡೆ ಸವೆದು ಸೀಳಿದಾಗ ಒಳಗಿನ ಟ್ಯೂಬು ಅಲ್ಲಿಂದ ಆಚೆ ಉಬ್ಬಿಕೊಂಡು ಬರತ್ತಲ್ಲ, ಅದೇ ಇದು. ಉಬ್ಬಿದ ಜಾಗದಲ್ಲಿ ರಬ್ಬರ್ ತೆಳ್ಳಗಾಗತ್ತೆ, ಒಳಗಿನ ಗಾಳಿ ಅಷ್ಟೇ ಇದ್ರೂ ಉಬ್ಬು ದೊಡ್ಡದಾದಷ್ಟೂ ಗೋಡೆ ಮೇಲೆ ಬೀಳೋ ಎಳೆತ ಹೆಚ್ಚಾಗತ್ತೆ, ಹಾಗಾಗಿ ದೊಡ್ಡ ಉಬ್ಬು ಸಣ್ಣದಕ್ಕಿಂತ ಬೇಗ ಬೆಳೆಯತ್ತೆ, ಬೇಗ ಒಡೆಯತ್ತೆ. ಡಾಕ್ಟ್ರು ಪದೇಪದೇ ಸೆಂಟಿಮೀಟರ್ ಲೆಕ್ಕ ಹಿಡಿದು ಮಾತಾಡೋದು ಇದಕ್ಕೇ.

ಇದರ ಜೊತೆ ಡಿಸೆಕ್ಷನ್ ಅಂತ ಇನ್ನೊಂದು ಪದಾನೂ ಕೇಳಿಬರತ್ತೆ, ಅದು ಬೇರೆ. ಅಯೋರ್ಟಾದ ಗೋಡೆಗೆ ಮೂರು ಪದರ ಇರತ್ತೆ. ಒಳಗಿನ ಪದರ ಹರಿದು, ರಕ್ತ ಪದರಗಳ ಮಧ್ಯೆ ನುಗ್ಗಿ ಗೋಡೇನ ಸೀಳ್ಕೊಂಡು ಹೋದ್ರೆ ಅದು ಡಿಸೆಕ್ಷನ್. ಎದೆ, ಬೆನ್ನು ಸೀಳಿದ ಹಾಗೆ ದಿಢೀರ್ ನೋವು ಬರತ್ತೆ. ಹೃದಯದ ಪಕ್ಕದ ಭಾಗದಲ್ಲಿ ಆದ್ರೆ ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು.

ಎಷ್ಟು ದಪ್ಪ ಆದ್ರೆ ಎಷ್ಟು ಅಪಾಯ

ಹೊಟ್ಟೆಯ ಅನ್ಯೂರಿಸಂ 4 ಸೆಂ.ಮೀ. ಒಳಗೆ ಇದ್ರೆ ಆ ವರ್ಷ ಒಡೆಯೋ ಸಾಧ್ಯತೆ ಇಲ್ಲ ಅಂತಾನೇ ಹೇಳಬಹುದು. 5ರಿಂದ 6 ಸೆಂ.ಮೀ. ಇದ್ರೆ ವರ್ಷಕ್ಕೆ 100ರಲ್ಲಿ 3ರಿಂದ 15 ಜನಕ್ಕೆ ಒಡೀಬಹುದು, 6ರಿಂದ 7 ಇದ್ರೆ 10ರಿಂದ 20, 8 ದಾಟಿದ್ರೆ 30ರಿಂದ 50. ರೇಂಜ್ ಇಷ್ಟು ಅಗಲ ಇರೋದಕ್ಕೆ ಕಾರಣ ಇದೆ, ಹೆಂಗಸರಲ್ಲಿ, ಸಿಗರೇಟು ಬಿಡದೇ ಇರೋರಲ್ಲಿ, ಬಿಪಿ ಹಿಡಿತದಲ್ಲಿ ಇಲ್ಲದೇ ಇರೋರಲ್ಲಿ ಅದೇ ಸೈಜಿಗೆ ಅಪಾಯ ಜಾಸ್ತಿ.

ಗಂಡಸರಿಗೆ 5.5, ಹೆಂಗಸರಿಗೆ 5 ಸೆಂ.ಮೀ. ಆದಾಗ ಆಪರೇಷನ್ ಮಾತು ತೆಗೀತಾರೆ. ಸಣ್ಣದಿದ್ದಾಗಲೇ ಸರಿಮಾಡಿಬಿಟ್ರೆ ಒಳ್ಳೇದಲ್ವಾ ಅಂತ ಬ್ರಿಟನ್ನಲ್ಲೂ ಅಮೆರಿಕದಲ್ಲೂ ದೊಡ್ಡ ಟ್ರಯಲ್ ಮಾಡಿ ನೋಡಿದ್ರು, 1998ರಲ್ಲಿ ಒಂದರ ಫಲಿತಾಂಶ ಬಂತು, 2002ರಲ್ಲಿ ಇನ್ನೊಂದರದ್ದು. 5.5ಕ್ಕಿಂತ ಕಮ್ಮಿ ಇದ್ದಾಗ ಮೊದಲೇ ಆಪರೇಷನ್ ಮಾಡಿಸಿಕೊಂಡೋರು ಹೆಚ್ಚು ವರ್ಷ ಬದುಕಲಿಲ್ಲ. ಅಂದ್ರೆ 4.6 ಸೆಂ.ಮೀ. ಇರೋ 84 ವರ್ಷದ ಅಜ್ಜನಿಗೆ ನಾಳೇನೇ ಆಪರೇಷನ್ ಅಂತ ಯಾರಾದ್ರೂ ಅವಸರ ಮಾಡಿದ್ರೆ ಯಾಕೆ ಅಂತ ಕೇಳೋದು ತಪ್ಪಲ್ಲ.

ಹಾಗಂತ ಒಡೆದ ಮೇಲೆ ನೋಡಿಕೊಳ್ಳೋಣ ಅನ್ನೋ ಹಾಗೂ ಇಲ್ಲ. ಒಡೆದೋರಲ್ಲಿ ಸುಮಾರು 80% ಜನ ಉಳಿಯಲ್ಲ, ಎಷ್ಟೋ ಜನ ಆಸ್ಪತ್ರೆ ಮುಟ್ಟೋದೇ ಇಲ್ಲ. ಆಪರೇಷನ್ ಥಿಯೇಟರ್ ತನಕ ಬಂದೋರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ತಿಂಗಳೊಳಗೆ ತೀರಿಕೊಳ್ತಾರೆ.

ಆಪರೇಷನ್ ಅಂದ್ರೆ ಏನು ಮಾಡ್ತಾರೆ

ಎರಡು ದಾರಿ ಇದೆ. ಓಪನ್ ಸರ್ಜರೀಲಿ ಹೊಟ್ಟೆ ಕೊಯ್ದು, ಉಬ್ಬಿದ ಜಾಗದ ಮೇಲೆ ಕೆಳಗೆ ಅಯೋರ್ಟಾಗೆ ಕ್ಲಾಂಪ್ ಹಾಕಿ ರಕ್ತ ನಿಲ್ಲಿಸಿ, ಆ ಭಾಗಕ್ಕೆ ಬಟ್ಟೆಯ ನಾಳ ಹೊಲೀತಾರೆ. ಬಟ್ಟೆ ಅಂದ್ರೆ ನಿಜವಾಗ್ಲೂ ಬಟ್ಟೇನೇ, ಡೇಕ್ರಾನ್ ಅನ್ನೋ ಪಾಲಿಯೆಸ್ಟರ್. ಎರಡನೇದು ಈವಾರ್. ತೊಡೆಸಂದಿಯ ರಕ್ತನಾಳದಿಂದ ಮಡಿಸಿಟ್ಟ ಸ್ಟೆಂಟ್ ಗ್ರಾಫ್ಟ್, ಅಂದ್ರೆ ಲೋಹದ ಜಾಲರಿ ಇರೋ ಬಟ್ಟೆ ನಾಳ, ತೂರಿಸಿ, ಎಕ್ಸ್‌ರೇ ನೋಡ್ತಾ ಉಬ್ಬಿದ ಜಾಗದ ಒಳಗೆ ಬಿಡಿಸ್ತಾರೆ, ರಕ್ತ ಆ ಹೊಸ ನಾಳದೊಳಗೆ ಹರಿಯತ್ತೆ, ಹಳೇ ಗೋಡೆ ಮೇಲೆ ಒತ್ತಡ ಬೀಳಲ್ಲ. ಹೊಟ್ಟೆಯ ಅನ್ಯೂರಿಸಂಗೆ ಇದನ್ನ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಅನ್ನೋ ಸರ್ಜನ್ ಮಾಡಿ ತೋರಿಸಿದ್ರು.

ಬ್ರಿಟನ್ನಿನ ಈವಾರ್-1 ಟ್ರಯಲ್‌ನಲ್ಲಿ 30 ದಿನದೊಳಗೆ ಸತ್ತೋರು ಓಪನ್‌ನಲ್ಲಿ 4.7%, ಈವಾರ್‌ನಲ್ಲಿ 1.7%. ಕೇಳೋಕೆ ಚೆನ್ನಾಗಿದೆ, ಆದ್ರೆ ಆ ಟ್ರಯಲ್‌ಗೆ ತಗೊಂಡಿದ್ದು ಓಪನ್ ಸರ್ಜರಿ ತಡ್ಕೊಳ್ಳೋವಷ್ಟು ಗಟ್ಟಿ ಇದ್ದೋರನ್ನ ಮಾತ್ರ, ಅವರ ಸರಾಸರಿ ವಯಸ್ಸು 74ರ ಹತ್ರ. 88ರ ಅಜ್ಜಿಗೆ ಈ ನಂಬರ್ ಹಾಗೇ ಅಂಟಿಸೋಕಾಗಲ್ಲ.

ಎದೆಯ ಮೇಲ್ಭಾಗದ ಅಯೋರ್ಟಾ ಆದ್ರೆ ಕಥೆಯೇ ಬೇರೆ. ಎದೆಮೂಳೆ ಸೀಳಿ, ಹಾರ್ಟ್-ಲಂಗ್ ಮೆಷಿನ್ ಹಾಕಬೇಕು, ಎಷ್ಟೋ ಸಲ ದೇಹಾನ ತಣ್ಣಗೆ ಮಾಡಿ ಸ್ವಲ್ಪ ಹೊತ್ತು ರಕ್ತ ಓಡಾಟಾನೇ ನಿಲ್ಲಿಸಬೇಕಾಗತ್ತೆ. ಪಾರ್ಶ್ವವಾಯು ಆಗೋ ಭಯ ಇಲ್ಲಿ ಯಾವಾಗ್ಲೂ ಇರತ್ತೆ.

ವಯಸ್ಸಾದ ದೇಹ ಇದನ್ನ ಯಾಕೆ ತಡ್ಕೊಳ್ಳಲ್ಲ

ಎಲ್ಲರೂ ಕೇಳೋದು "ಅನಸ್ತೇಷಿಯಾ ತಡ್ಕೊಳ್ತಾರಾ" ಅಂತ. ಅರಿವಳಿಕೆ ಈಗ ಸಾಕಷ್ಟು ಸುರಕ್ಷಿತ, ಈವಾರ್ ಅಂತೂ ಕೆಲವರಿಗೆ ಲೋಕಲ್ ಅನಸ್ತೇಷಿಯಾದಲ್ಲೇ ಮಾಡ್ತಾರೆ. ನಿಜವಾದ ತೊಂದ್ರೆ ಇರೋದು ಬೇರೆ ಕಡೆ.

ಕ್ಲಾಂಪ್ ಹಾಕಿದ ಕ್ಷಣ ಹೃದಯ ಮುಚ್ಚಿದ ನಾಳದ ವಿರುದ್ಧ ಪಂಪ್ ಮಾಡಬೇಕು, ಬಿಪಿ ಮೇಲಕ್ಕೆ ಹಾರತ್ತೆ. ಕ್ಲಾಂಪ್ ತೆಗೆದಾಗ ಉಲ್ಟಾ, ಬಿಪಿ ಧಡ್ ಅಂತ ಬೀಳತ್ತೆ, ಅಷ್ಟು ಹೊತ್ತು ರಕ್ತ ಇಲ್ಲದೇ ಇದ್ದ ಕಾಲುಗಳಿಂದ ಆಮ್ಲ, ಪೊಟ್ಯಾಸಿಯಂ ಎಲ್ಲಾ ಒಟ್ಟಿಗೆ ಹೃದಯಕ್ಕೆ ವಾಪಸ್ ಬರತ್ತೆ. 60ರ ಹೃದಯ ಇದನ್ನ ಸಂಭಾಳಿಸಿಕೊಳ್ಳತ್ತೆ, 90ರ ಹೃದಯಕ್ಕೆ ಅಲ್ಲೇ ಅಟ್ಯಾಕ್ ಆಗಬಹುದು. ಕಿಡ್ನಿ ವಿಷಯಾನೂ ಹಾಗೇ: ವಯಸ್ಸಾದೋರ ಕ್ರಿಯಾಟಿನಿನ್ ರಿಪೋರ್ಟಲ್ಲಿ ನಾರ್ಮಲ್ ಅಂತ ಕಂಡ್ರೂ ಮಾಂಸಖಂಡ ಕಮ್ಮಿ ಇರೋದ್ರಿಂದ ಆ ನಂಬರ್ ಮೋಸ ಮಾಡತ್ತೆ, ಒಳಗೆ ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿದಿರಬಹುದು. ಆಪರೇಷನ್‌ನಲ್ಲಿ ರಕ್ತ ಕಮ್ಮಿ ಆದ್ರೂ ಸರಿ, ಈವಾರ್‌ನಲ್ಲಿ ಎಕ್ಸ್‌ರೇಗೆ ರಕ್ತನಾಳ ಕಾಣಲಿ ಅಂತ ಹಾಕೋ ಕಾಂಟ್ರಾಸ್ಟ್ ಡೈ ಇಂದಾದ್ರೂ ಸರಿ, ಡಯಾಲಿಸಿಸ್ ತನಕ ಹೋಗಬಹುದು. ದೊಡ್ಡ ಕರುಳಿನ ಎಡಭಾಗಕ್ಕೆ ಹೋಗೋ ಕೊಂಬೆ ಅನ್ಯೂರಿಸಂ ಇರೋ ಜಾಗದಿಂದಲೇ ಹೊರಡತ್ತೆ, ಅದು ಮುಚ್ಚಿಹೋದಾಗ ಕೆಲವರಿಗೆ ಕರುಳು ಕೊಳೆಯತ್ತೆ. ಎದೆಯ ಕೆಳಭಾಗದ ಅಯೋರ್ಟಾ ರಿಪೇರೀಲಿ ಬೆನ್ನುಹುರಿಗೆ ರಕ್ತ ತಪ್ಪಿ ಕಾಲು ಬಿದ್ದುಹೋಗೋ ಅಪಾಯ ಕೂಡ ಉಂಟು.

ಇದೆಲ್ಲಾ ಥಿಯೇಟರ್ ಒಳಗಿಂದು. ಹೊರಗೆ ಬಂದ ಮೇಲೆ ಹೊಟ್ಟೆ ನೋವಿಗೆ ಸರಿಯಾಗಿ ಉಸಿರೆಳೆದು ಕೆಮ್ಮೋಕಾಗದೆ ನ್ಯುಮೋನಿಯಾ ಹಿಡಿಯತ್ತೆ. ಹಾಸಿಗೆ ಮೇಲೆ ಒಂದೆರಡು ವಾರ ಮಲಗಿದ್ರೆ ತೊಡೆಯ ಮಾಂಸ ಎಷ್ಟು ಬೇಗ ಕರಗತ್ತೆ ಅಂದ್ರೆ, ನಡ್ಕೊಂಡು ಬಂದೋರು ವಾಕರ್ ಹಿಡಿದು ಹೋಗ್ತಾರೆ. ಇನ್ನೊಂದು ಡೆಲಿರಿಯಂ. ಐಸಿಯುನಲ್ಲಿ ಹಗಲು ರಾತ್ರಿ ಗೊತ್ತಾಗದೆ, ಮಕ್ಕಳ ಗುರುತು ಹಿಡಿಯದೆ, ಟ್ಯೂಬ್ ಕಿತ್ತು ಹಾಕೋಕೆ ಹೋಗ್ತಾರೆ, ಮನೆಯೋರು "ತಲೆ ಕೆಟ್ಟೋಯ್ತು" ಅಂತ ಗಾಬರಿ ಬೀಳ್ತಾರೆ. ಸಾಮಾನ್ಯವಾಗಿ ಇದು ಇಳಿಯತ್ತೆ, ಆದ್ರೆ ಮೊದಲೇ ಮರೆವು ಇದ್ದೋರಲ್ಲಿ ಪೂರ್ತಿ ಮೊದಲಿನ ಹಾಗೆ ಆಗದೇ ಇರಬಹುದು. ಕನ್ನಡಕ, ಕಿವಿ ಮೆಷಿನ್ ಬೇಗ ವಾಪಸ್ ಕೊಡೋದು, ಗೊತ್ತಿರೋ ಒಬ್ರು ಪಕ್ಕದಲ್ಲಿ ಕೂತು ಮಾತಾಡಿಸೋದು, ರಾತ್ರಿ ನಿದ್ದೆ ಮಾಡೋಕೆ ಬಿಡೋದು, ಈ ಸಣ್ಣ ಕೆಲಸಗಳು ಡೆಲಿರಿಯಂ ಕಮ್ಮಿ ಮಾಡತ್ತೆ ಅಂತ ಸಾಬೀತಾಗಿದೆ.

ಇಲ್ಲಿ ಹುಟ್ಟಿದ ಇಸವಿಗಿಂತ ಮುಖ್ಯ ಫ್ರೇಲ್ಟಿ, ಅಂದ್ರೆ ದೇಹ ಎಷ್ಟು ಬಳಲಿದೆ ಅನ್ನೋದು. ದಿನಾ ದೇವಸ್ಥಾನಕ್ಕೆ ನಡೆದು ಹೋಗಿ ಬರೋ 86ರ ಅಜ್ಜಿ, ಕುರ್ಚಿಯಿಂದ ಏಳೋಕೂ ಕೈಹಿಡಿಬೇಕಾದ 78ರ ಅಜ್ಜನಿಗಿಂತ ಚೆನ್ನಾಗಿ ಆಪರೇಷನ್ ದಾಟಬಹುದು. ಅದಕ್ಕೇ ಒಳ್ಳೇ ಸರ್ಜನ್ ಎಕೋ ರಿಪೋರ್ಟ್ ಜೊತೆಗೆ ನಡಿಗೆಯ ವೇಗ, ಇತ್ತೀಚೆಗೆ ತೂಕ ಇಳಿದಿದ್ಯಾ, ಸ್ನಾನ ತಾವೇ ಮಾಡ್ತಾರಾ ಅಂತೆಲ್ಲಾ ವಿಚಾರಿಸ್ತಾರೆ.

97ನೇ ವಯಸ್ಸಿನ ಡಿಬೇಕಿ

ಈ ವಿಷಯದಲ್ಲಿ ಎಲ್ಲರೂ ಎತ್ತೋ ಹೆಸರು ಅಮೆರಿಕದ ಹೃದಯ ಸರ್ಜನ್ ಮೈಕಲ್ ಡಿಬೇಕಿ. 1950ರ ದಶಕದಲ್ಲಿ ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಮೆಷಿನ್ನಲ್ಲಿ ತಾವೇ ರಕ್ತನಾಳ ಹೊಲಿದೋರು. ಡಿಸೆಕ್ಷನ್‌ನ ವಿಧಗಳನ್ನ ವಿಂಗಡಿಸಿದ್ದೂ ಅವರೇ, ಇವತ್ತಿಗೂ ಅದಕ್ಕೆ ಅವರ ಹೆಸರೇ ಇದೆ.

2005ರ ಡಿಸೆಂಬರ್ 31ಕ್ಕೆ ಹ್ಯೂಸ್ಟನ್ನಿನ ಮನೇಲಿ ಒಬ್ರೇ ಕೂತು ಲೆಕ್ಚರ್ ತಯಾರಿ ಮಾಡ್ತಿದ್ದಾಗ ಎದೆ, ಬೆನ್ನು, ಕುತ್ತಿಗೆಗೆ ಹರಿದ ಹಾಗೆ ನೋವು ಬಂತು. ಸ್ಕ್ಯಾನ್‌ನಲ್ಲಿ ಕಂಡಿದ್ದು ಡಿಸೆಕ್ಷನ್, ಅವರ ವಿಂಗಡಣೆಯಲ್ಲೇ ಎರಡನೇ ವಿಧ. ಆಗ ಅವರಿಗೆ 97. ಆಪರೇಷನ್ ಬೇಡ ಅಂದ್ರು, ಶುರುವಿಗೆ ಅಡ್ಮಿಟ್ ಆಗೋಕೂ ಒಪ್ಪಲಿಲ್ಲ. ಈ ವಯಸ್ಸಲ್ಲಿ ಇದರಿಂದ ಏನಾಗತ್ತೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದೋರು ಇನ್ಯಾರು? ಆದ್ರೆ ಸೀಳಿದ ಜಾಗದಲ್ಲಿ ಅಯೋರ್ಟಾ ಉಬ್ಬುತ್ತಾ ಹೋಯ್ತು, ಜನವರಿ ಶುರುವಲ್ಲಿ 5.2 ಸೆಂ.ಮೀ. ಇದ್ದಿದ್ದು ಫೆಬ್ರವರಿ ಹೊತ್ತಿಗೆ 7.5 ಆಯ್ತು, ಅವರಿಗೆ ಪ್ರಜ್ಞೆ ತಪ್ಪಿತು.

ಈಗ ಯಾರು ತೀರ್ಮಾನ ಮಾಡಬೇಕು? ಆಸ್ಪತ್ರೆಯ ಅನಸ್ತೇಷಿಯಾ ಡಾಕ್ಟ್ರುಗಳು ಒಪ್ಪಲಿಲ್ಲ, ರೋಗಿ ಬೇಡ ಅಂದಿದ್ದು ದಾಖಲೇಲಿ ಇತ್ತು. ಎಥಿಕ್ಸ್ ಕಮಿಟಿ ರಾತ್ರಿ ಕೂತು ಚರ್ಚೆ ಮಾಡ್ತಿದ್ದಾಗ ಹೆಂಡತಿ ಕತ್ರಿನ್ ಒಳಗೆ ನುಗ್ಗಿ, ಕಾಯ್ತಾ ಕೂತ್ರೆ ಅವರು ಸತ್ತೇ ಹೋಗ್ತಾರೆ ಅಂತ ಒತ್ತಾಯ ಮಾಡಿದ್ರು. ಅದೇ ರಾತ್ರಿ ಅವರ ಹಳೇ ಜೊತೆಗಾರ ಜಾರ್ಜ್ ನೂನ್ ಆಪರೇಷನ್ ಶುರು ಮಾಡಿದ್ರು, ಸುಮಾರು ಏಳು ಗಂಟೆ ಹಿಡೀತು. ಹಾಕಿದ್ದು ಡೇಕ್ರಾನ್ ನಾಳ.

ಬದುಕಿದ್ರು. ಸುದ್ದೀಲಿ ಸಾಮಾನ್ಯವಾಗಿ ಇಷ್ಟೇ ಹೇಳಿ ಬಿಡ್ತಾರೆ. ಆದ್ರೆ ವಾರಗಟ್ಟಲೆ ವೆಂಟಿಲೇಟರ್, ಗಂಟಲಿಗೆ ತೂತು, ಡಯಾಲಿಸಿಸ್, ಟ್ಯೂಬಲ್ಲಿ ಊಟ, ಎಲ್ಲಾ ಸೇರಿ ಎಂಟು ತಿಂಗಳ ಹತ್ರ ಆಸ್ಪತ್ರೆ, ಹತ್ತು ಲಕ್ಷ ಡಾಲರ್‌ಗೂ ಮೇಲೆ ಖರ್ಚು. ಕೊನೆಗೆ ಚೇತರಿಸಿಕೊಂಡು ಕೆಲಸಕ್ಕೂ ಹೋದ್ರು, ಆಪರೇಷನ್ ಮಾಡಿದ್ದು ಒಳ್ಳೇದಾಯ್ತು ಅಂತ ಅವರೇ ಹೇಳಿದ್ರು. 2008ರ ಏಪ್ರಿಲಲ್ಲಿ ಅಮೆರಿಕದ ಕಾಂಗ್ರೆಸ್ ಗೋಲ್ಡ್ ಮೆಡಲ್ ತಗೊಂಡು, ಅದೇ ಜುಲೈ 11ಕ್ಕೆ 99ನೇ ವಯಸ್ಸಲ್ಲಿ ತೀರಿಕೊಂಡ್ರು. ಈ ಕಥೆ ಹಿಡ್ಕೊಂಡು "97ಕ್ಕೇ ಆಗಿದೆ, ನಮ್ಮಪ್ಪನಿಗೆ ಯಾಕಾಗಲ್ಲ" ಅನ್ನೋರು ಇದ್ದಾರೆ. ಅವರ ಸುತ್ತ ಇದ್ದಿದ್ದು ಅವರೇ ಬೆಳೆಸಿದ ತಂಡ, 97ರ ತನಕ ಕೆಲಸ ಮಾಡ್ತಿದ್ದ ಗಟ್ಟಿ ದೇಹ, ಕೊನೆ ಇಲ್ಲದ ಐಸಿಯು ಸೌಲಭ್ಯ. ಅದೂ ಅಲ್ಲದೆ ಅದು ಡಿಸೆಕ್ಷನ್, ಪ್ರಜ್ಞೆ ತಪ್ಪಿದ ಮೇಲೂ ಸುಮ್ನೆ ಬಿಟ್ಟಿದ್ರೆ ಹೆಚ್ಚು ದಿನ ಉಳಿಯೋ ಹಾಗಿರಲಿಲ್ಲ. ಏನೂ ತೊಂದ್ರೆ ಇಲ್ಲದೆ ಓಡಾಡ್ತಿರೋ ಅಜ್ಜನ ಹೊಟ್ಟೆಯ 5.8 ಸೆಂ.ಮೀ. ಉಬ್ಬಿಗೆ ಇದನ್ನ ಹೋಲಿಸೋಕೆ ಬರಲ್ಲ.

ಉಬ್ಬು ಸರಿಹೋಯ್ತು, ಆಯಸ್ಸು ಬೆಳೀಲಿಲ್ಲ

ಡಿಬೇಕಿ ಒಬ್ಬರ ಕಥೆಗಿಂತ ನಮಗೆ ಹೆಚ್ಚು ಉಪಯೋಗಕ್ಕೆ ಬರೋದು 2005ರಲ್ಲಿ ಫಲಿತಾಂಶ ಬಂದ ಈವಾರ್-2 ಟ್ರಯಲ್. ಓಪನ್ ಸರ್ಜರಿ ತಡ್ಕೊಳ್ಳೋ ಶಕ್ತಿ ಇಲ್ಲ ಅಂತ ಡಾಕ್ಟ್ರು ಬರೆದುಕೊಟ್ಟ, 5.5 ಸೆಂ.ಮೀ. ದಾಟಿದ ಅನ್ಯೂರಿಸಂ ಇದ್ದ 338 ಜನರನ್ನ ತಗೊಂಡು ಅರ್ಧ ಜನಕ್ಕೆ ಈವಾರ್, ಉಳಿದೋರಿಗೆ ಆಪರೇಷನ್ ಇಲ್ಲ ಅಂತ ಹಂಚಿದ್ರು. ಈವಾರ್ ಆದೋರಲ್ಲಿ 30 ದಿನದೊಳಗೆ 9% ಸತ್ರು. ನಾಲ್ಕು ವರ್ಷ ಆದ ಮೇಲೆ ನೋಡಿದ್ರೆ ಎರಡೂ ಗುಂಪಲ್ಲಿ ಬದುಕಿದ್ದೋರ ಲೆಕ್ಕ ಹೆಚ್ಚುಕಮ್ಮಿ ಒಂದೇ, ಮೂರನೇ ಎರಡು ಭಾಗದ ಹತ್ರ ಜನ ಹೋಗಿಬಿಟ್ಟಿದ್ರು, ಬಹಳಷ್ಟು ಜನ ಹೃದಯ, ಶ್ವಾಸಕೋಶ, ಕ್ಯಾನ್ಸರ್ ಅಂತ ಬೇರೆ ಕಾರಣಕ್ಕೆ.

ಇನ್ನೂ ಹೆಚ್ಚು ವರ್ಷ ನೋಡಿದಾಗ ಅನ್ಯೂರಿಸಂ ಒಡೆದು ಸಾಯೋದು ಈವಾರ್ ಆದೋರಲ್ಲಿ ಕಮ್ಮಿ ಇತ್ತು, ಆದ್ರೂ ಒಟ್ಟು ಆಯಸ್ಸು ಬೆಳೀಲಿಲ್ಲ. ಶುರುವಲ್ಲಿ ಇಬ್ರು ಡಾಕ್ಟ್ರೂ ಸುಳ್ಳು ಹೇಳ್ತಿಲ್ಲ ಅಂದಿದ್ದು ಇದಕ್ಕೇ. ಒಬ್ರು ಉಬ್ಬು ನೋಡಿ ಮಾತಾಡ್ತಿದ್ದಾರೆ, ಇನ್ನೊಬ್ರು ಪೂರ್ತಿ ಮನುಷ್ಯನ್ನ. ತುಂಬಾ ವಯಸ್ಸಾದೋರಲ್ಲಿ ಕೇಳಬೇಕಾದ ಪ್ರಶ್ನೆ, ಉಳಿದಿರೋ ವರ್ಷಗಳೊಳಗೆ ಇದು ಒಡೆಯೋ ಸಾಧ್ಯತೆ ಹೆಚ್ಚೋ, ಅಥವಾ ಅದಕ್ಕೂ ಮೊದಲು ಬೇರೇನಾದ್ರೂ ಆಗೋ ಸಾಧ್ಯತೆ ಹೆಚ್ಚೋ ಅಂತ.

ಈವಾರ್ ಆದ್ಮೇಲೂ ಮುಗೀತು ಅಂತಿಲ್ಲ. ಗ್ರಾಫ್ಟಿನ ಪಕ್ಕದಿಂದ ರಕ್ತ ಸೋರಿ ಉಬ್ಬು ಮತ್ತೆ ಬೆಳೀಬಹುದು, ಅದಕ್ಕೆ ಎಂಡೋಲೀಕ್ ಅಂತಾರೆ, ಬದುಕಿರೋ ತನಕ ಸ್ಕ್ಯಾನ್ ಮಾಡಿಸ್ತಾ ಇರಬೇಕು. ತಾಲೂಕಿಂದ ಬೆಂಗಳೂರಿಗೋ ಮಂಗಳೂರಿಗೋ ಪ್ರತಿ ಸಲ ಕರ್ಕೊಂಡು ಹೋಗೋದು ಯಾರು ಅನ್ನೋದೂ ಈ ಲೆಕ್ಕದ ಒಳಗೇ ಬರಬೇಕು. ಕೆಲವರ ರಕ್ತನಾಳ ಎಷ್ಟು ಸೊಟ್ಟ, ಸುಣ್ಣ ಕಟ್ಟಿರತ್ತೆ ಅಂದ್ರೆ ಸ್ಟೆಂಟ್ ತೂರಿಸೋಕೇ ಆಗಲ್ಲ.

ಯಾರನ್ನ ಕೇಳಬೇಕು, ಯಾವಾಗ ಕೇಳಬೇಕು

ನಮ್ಮ ಕಡೆ ಡಾಕ್ಟ್ರ ರೂಮಿಂದ ಅಜ್ಜನ್ನ ಆಚೆ ಕೂರಿಸಿ, ಮಗ, ಅಳಿಯ, ಸೊಸೆ ಒಳಗೆ ಕೂತು "ಅವ್ರಿಗೆ ಏನೂ ಹೇಳ್ಬೇಡಿ ಡಾಕ್ಟ್ರೇ" ಅಂತ ತೀರ್ಮಾನ ಮಾಡೋದು ಜಾಸ್ತಿ. ಪ್ರೀತಿಯಿಂದಲೇ ಮಾಡ್ತಾರೆ, ಆದ್ರೆ ಅಜ್ಜನಿಗೆ ಬುದ್ಧಿ ಸರಿ ಇದ್ರೆ ಒಪ್ಪಿಗೆ ಕೊಡಬೇಕಾದೋರು ಅವರೇ. ಐನ್‌ಸ್ಟೈನ್‌ಗೂ ಹೊಟ್ಟೇಲಿ ಇದೇ ಕಾಯಿಲೆ ಇತ್ತು. 1948ರಲ್ಲಿ ಬ್ರೂಕ್ಲಿನ್‌ನಲ್ಲಿ ರುಡಾಲ್ಫ್ ನಿಸ್ಸೆನ್ ಅನ್ನೋ ಸರ್ಜನ್ ಅದಕ್ಕೆ ಸೆಲ್ಲೋಫೇನ್ ಸುತ್ತಿದ್ರು, ಆಗ ಗೊತ್ತಿದ್ದ ಉಪಾಯ ಅದು. 1955ರ ಏಪ್ರಿಲಲ್ಲಿ ಒಡೆದಾಗ ಆಪರೇಷನ್ ಮಾಡ್ತೀವಿ ಅಂದ್ರೂ ಅವರು ಸ್ಪಷ್ಟವಾಗಿ ಬೇಡ ಅಂದ್ರು, 76ನೇ ವಯಸ್ಸಲ್ಲಿ ತೀರಿಕೊಂಡ್ರು. ಡಿಬೇಕಿ ಬೇಡ ಅಂದೂ ಆಪರೇಷನ್ ಆಗಿ ಆಮೇಲೆ ಸಂತೋಷಪಟ್ರು. ಇದರಿಂದ ನಿಯಮ ಏನೂ ಹುಟ್ಟಲ್ಲ, ಆದ್ರೆ ಒಂದಂತೂ ಕಾಣತ್ತೆ, ಪ್ರಜ್ಞೆ ಹೋದ ಮೇಲೆ ತೀರ್ಮಾನ ಮಾಡೋಕೆ ಕೂತ್ರೆ ಅದು ಯಾರ ಪಾಲಿಗೂ ಸುಲಭ ಇರಲ್ಲ.

ಡಾಕ್ಟ್ರ ಹತ್ರ "ಬದುಕ್ತಾರಾ" ಅಂತ ಮಾತ್ರ ಕೇಳಬೇಡಿ. ಇವರ ಸೈಜಿಗೆ ವರ್ಷಕ್ಕೆ ಒಡೆಯೋ ಸಾಧ್ಯತೆ ಎಷ್ಟು, ಈ ಆಸ್ಪತ್ರೇಲಿ 80 ದಾಟಿದೋರಿಗೆ ಎಷ್ಟು ಮಾಡಿದ್ದೀರ, ಅವರಲ್ಲಿ ಎಷ್ಟು ಜನ ತಮ್ಮ ಕಾಲ ಮೇಲೆ ಮನೆಗೆ ಹೋದ್ರು, ಡಯಾಲಿಸಿಸ್ ಬೇಕಾಗೋ ಸಾಧ್ಯತೆ ಇದ್ಯಾ, ಮಾಡದೇ ಬಿಟ್ರೆ ಫಾಲೋಅಪ್ ಹೇಗೆ ಅಂತ ಕೇಳಿ. ಆಮೇಲೆ ಅಜ್ಜನ ಹತ್ರ ಹೋಗಿ, ವೆಂಟಿಲೇಟರ್ ಮೇಲೆ ವಾರಗಟ್ಟಲೆ ಇರಬೇಕಾಗಿ ಬಂದ್ರೆ ಏನು ಮಾಡೋದು ಅಂತಾನೂ ಕೇಳಿ. ಕೇಳೋಕೆ ನಾಲಿಗೆ ಏಳಲ್ಲ, ಗೊತ್ತು.

ಮುಂದೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋಕೆ ಕಾನೂನಲ್ಲಿ ಅವಕಾಶ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿತು, 2023ರಲ್ಲಿ ವಿಧಾನ ಸುಲಭ ಮಾಡಿತು, ಈಗ ಇಬ್ರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಿಸಿದ್ರೆ ಸಾಕು. 2025ರ ಜನವರೀಲಿ ಕರ್ನಾಟಕ ಸರ್ಕಾರಾನೂ ಇದನ್ನ ಜಾರಿ ಮಾಡೋಕೆ ಆದೇಶ ಹೊರಡಿಸಿತು. ಇದು ವಾಸಿಯಾಗೋ ಆಸೆಯೇ ಇಲ್ಲದ ಸ್ಥಿತಿಗೆ ಅನ್ವಯಿಸೋದು. ಪ್ರಜ್ಞೆ ಇರೋ ರೋಗಿ ಆಪರೇಷನ್ ಬೇಡ ಅನ್ನೋಕೆ ಯಾವ ಪತ್ರಾನೂ ಬೇಕಿಲ್ಲ.

ಆಪರೇಷನ್ ಬೇಡ ಅಂತ ಆದ್ರೆ

ಉಬ್ಬು ಕರಗಿಸೋ ಮಾತ್ರೆ ಇಲ್ಲ. ಬಿಪಿ ಹಿಡಿತದಲ್ಲಿ ಇಡಬೇಕು, ಬೀಡಿ ಸಿಗರೇಟು ಎಷ್ಟೇ ವಯಸ್ಸಾಗಿದ್ರೂ ಬಿಡಿಸಬೇಕು, ಹೃದಯಕ್ಕೆ ಅಂತ ಕೊಟ್ಟಿರೋ ಮಾತ್ರೆ ನಿಲ್ಲಿಸಬಾರದು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್ ಜಾತಿಯ ಆಂಟಿಬಯೋಟಿಕ್‌ನಿಂದ ಅಯೋರ್ಟಾ ಒಡೆಯೋ, ಸೀಳೋ ಅಪಾಯ ಹೆಚ್ಚಬಹುದು, ಬೇರೆ ದಾರಿ ಇದ್ರೆ ಅನ್ಯೂರಿಸಂ ಇರೋರಿಗೆ ಕೊಡಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿ ಉರಿಮೂತ್ರ, ಭೇದಿ ಅಂದ ತಕ್ಷಣ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೇನೇ ಸಿಗೋ ಮಾತ್ರೆ ಇದೇ. ಸ್ಕ್ಯಾನ್ ರಿಪೋರ್ಟ್ ಜೆರಾಕ್ಸ್ ಒಂದನ್ನ ಜೇಬಲ್ಲಿ ಇಟ್ಟು, ಯಾವ ಡಾಕ್ಟ್ರ ಹತ್ರ ಹೋದ್ರೂ ಮೊದಲು ತೋರಿಸೋ ಹಾಗೆ ಮಾಡಿ.

ದಿಢೀರ್ ಅಂತ ಹೊಟ್ಟೆ ಅಥವಾ ಸೊಂಟದಲ್ಲಿ ತಡೆಯಲಾರದ ನೋವು, ಬೆವರು, ತಲೆಸುತ್ತು ಬಂದ್ರೆ ಗ್ಯಾಸ್ ಅಂತ ಜೀರಿಗೆ ನೀರು ಕುಡಿಸ್ತಾ ಕೂರಬೇಡಿ, ಕಿಡ್ನಿ ಕಲ್ಲು ಅಂತ ಇಂಜೆಕ್ಷನ್ ಹಾಕಿಸಿಕೊಂಡು ವಾಪಸ್ ಬರಲೂಬೇಡಿ. 108ಕ್ಕೆ ಫೋನ್ ಮಾಡಿದಾಗಲೇ ಅನ್ಯೂರಿಸಂ ಇದೆ ಅಂತ ಹೇಳಿ. ಆಗ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ರೆ ಆ ಹೊತ್ತಲ್ಲಿ ಯಾವ ಆಸ್ಪತ್ರೆಗೆ ಓಡಬೇಕು, ಅಥವಾ ನೋವು ಕಮ್ಮಿ ಮಾಡಿಸಿದ್ರೆ ಸಾಕಾ ಅನ್ನೋದು ಮನೆಯೋರಿಗೆಲ್ಲಾ ಗೊತ್ತಿರತ್ತೆ.

ಹಾಗೇ ಅಜ್ಜನ ತಮ್ಮಂದಿರು, 60 ದಾಟಿದ ಮಕ್ಕಳು ಇದ್ರೆ ಅವರೂ ಒಂದು ಸಲ ಹೊಟ್ಟೆ ಅಲ್ಟ್ರಾಸೌಂಡ್ ಮಾಡಿಸಲಿ, ಅದರಲ್ಲೂ ಸಿಗರೇಟು ಸೇದಿದ ಗಂಡಸರು. ಇಂಗ್ಲೆಂಡಲ್ಲಿ 65 ತುಂಬೋ ಗಂಡಸರಿಗೆಲ್ಲಾ ಸರ್ಕಾರವೇ ಕರೆದು ಈ ಸ್ಕ್ಯಾನ್ ಮಾಡತ್ತೆ, ನಮ್ಮಲ್ಲಿ ಆ ಥರದ ಯೋಜನೆ ಇಲ್ಲ, ನಾವೇ ಕೇಳಿ ಮಾಡಿಸಿಕೊಳ್ಳಬೇಕು. ಅವರ ವಯಸ್ಸಿಗೆ ಸಿಕ್ಕಿದ್ರೆ ಈ ಲೆಕ್ಕ ಎಲ್ಲಾ ಇನ್ನೂ ಸುಲಭ ಇರತ್ತೆ.